121 ಸೋಲುಗಳ ಒಂದು ಋತು: ಶಿಕಾಗೊ ವೈಟ್ ಸಾಕ್ಸ್ ಅಭಿಮಾನಿಯೊಬ್ಬನ ಪ್ರಕರಣ

ಶಿಕಾಗೊದಲ್ಲಿ ಸಂಜೆ 6 ಗಂಟೆ 40 ನಿಮಿಷಕ್ಕೆ ಬೇಸ್‌ಬಾಲ್ ಪಂದ್ಯದ ಮೊದಲ ಎಸೆತ ಬಿದ್ದರೆ ಮೈಸೂರಿನಲ್ಲಿ ಆಗ ಬೆಳಗಿನ ಜಾವ 5 ಗಂಟೆ 10 ನಿಮಿಷ. 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬಹುಪಾಲು ಬೆಳಗುಗಳು ಶುರುವಾದದ್ದು ಹಾಗೆ. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಒಂಬತ್ತು ಇನಿಂಗ್ಸ್‌ಗಳಲ್ಲಿ ಎರಡನೆಯದು ನಡೆಯುತ್ತಿರುತ್ತಿತ್ತು. ಅಪ್ಪ ವಾಕಿಂಗ್ ಮುಗಿಸಿ ಗೇಟು ತೆಗೆಯುವಾಗ ಐದನೆಯದೋ ಆರನೆಯದೋ. ಚಪ್ಪಲಿ ಬಿಡುತ್ತಲೇ ಅವರು ಕೇಳುತ್ತಿದ್ದರು: “ಏನಪ್ಪಾ, ನಿನ್ನವರು ಇವತ್ತಾದರೂ?” ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಜೂನ್ ತಿಂಗಳು ಬರುವಷ್ಟರಲ್ಲಿ ಅವರು ಕೇಳುವುದನ್ನೇ ಬಿಟ್ಟರು. ನನ್ನ ಮುಖ ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದರು.

ಆ ವರ್ಷ ಶಿಕಾಗೊ ವೈಟ್ ಸಾಕ್ಸ್ ತಂಡ 162 ಪಂದ್ಯಗಳನ್ನಾಡಿ 41 ಗೆದ್ದಿತು, 121 ಸೋತಿತು. 1901ರಿಂದ ಲೆಕ್ಕ ಹಿಡಿಯುವ ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಇಷ್ಟು ಪಂದ್ಯ ಸೋತ ತಂಡ ಮತ್ತೊಂದಿಲ್ಲ. ಆ ಋತುವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಹಿಂಬಾಲಿಸಿದ ಅಭಿಮಾನಿಯೊಬ್ಬನ ಪ್ರಕರಣವಾಗಿ ಇದನ್ನು ಬರೆದಿಡುತ್ತಿದ್ದೇನೆ. ಆ ಅಭಿಮಾನಿ ನಾನೇ ಆದ್ದರಿಂದ ಇಲ್ಲಿರುವ ಸಿಟ್ಟು ನನ್ನದು, ತೀರ್ಪೂ ನನ್ನದು.

ನಂಟು ಬೆಳೆದದ್ದು

ಕೆಲಸದ ಮೇಲೆ ಶಿಕಾಗೊದಲ್ಲಿ ಮೂರು ವರ್ಷ ಇದ್ದೆ. ಆ ಊರಿಗೆ ಎರಡು ತಂಡ. ಉತ್ತರ ಭಾಗದವರು ಕಬ್ಸ್ ತಂಡದವರು, ದಕ್ಷಿಣ ಭಾಗದವರು ವೈಟ್ ಸಾಕ್ಸ್. ನಾನು ಬಾಡಿಗೆಗೆ ಹಿಡಿದ ಮನೆ ದಕ್ಷಿಣದಲ್ಲಿತ್ತು, ಆಯ್ಕೆ ಅಲ್ಲಿಗೇ ಮುಗಿಯಿತು. ರೆಡ್ ಲೈನ್ ರೈಲಿನಲ್ಲಿ 35ನೇ ಬೀದಿಯ ನಿಲ್ದಾಣದಲ್ಲಿ ಇಳಿಯಬೇಕು. ನಿಲ್ದಾಣ ಇರುವುದು ಹೆದ್ದಾರಿಯ ನಟ್ಟನಡುವೆ, ಎರಡೂ ಕಡೆ ವಾಹನಗಳ ಭೋರ್ಗರೆತ. ಮೇಲೆ ಹತ್ತಿ ಸೇತುವೆ ದಾಟಿದರೆ ಸುಟ್ಟ ಈರುಳ್ಳಿಯ ವಾಸನೆ ಮೂಗಿಗೆ ಬಡಿಯುತ್ತದೆ. ಕ್ರೀಡಾಂಗಣ ಹತ್ತಿರವಾಯಿತು ಎಂದು ಅದೇ ಹೇಳುತ್ತದೆ. ಒಳಗೆ ಮೆಕ್ಸಿಕನ್ನರ ರೀತಿಯಲ್ಲಿ ಮೆಕ್ಕೆಜೋಳದ ಕಾಳು ಬಿಡಿಸಿ, ಬೆಣ್ಣೆ, ಖಾರದ ಪುಡಿ, ನಿಂಬೆರಸ ಹಾಕಿ ಲೋಟದಲ್ಲಿ ಕೊಡುತ್ತಾರೆ. ಮಾಂಸ ತಿನ್ನದ ನನಗೆ ಮೂರು ವರ್ಷ ಅದೇ ರಾತ್ರಿಯೂಟ. ಹಳೆಯ ಕೋಮಿಸ್ಕಿ ಪಾರ್ಕ್ ಇದ್ದ ಜಾಗ ಈಗ ವಾಹನ ನಿಲ್ಲಿಸುವ ಬಯಲು. 1910ರಿಂದ 1990ರವರೆಗೆ ಬ್ಯಾಟರ್‌ಗಳು ನಿಂತು ಆಡಿದ ಆ ಚೌಕದ ಗುರುತಾಗಿ ಅಲ್ಲಿ ನೆಲದಲ್ಲಿ ಒಂದು ಕಲ್ಲು ಹುಗಿದಿದ್ದಾರೆ. ಪಂದ್ಯಕ್ಕೆ ಮೊದಲು ಅಪ್ಪಂದಿರು ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ ಚಿತ್ರ ತೆಗೆಯುವುದನ್ನು ನೋಡಿದ್ದೇನೆ.

ಆಟದ ಲೆಕ್ಕ ಬರೆಯಲು ನನಗೆ ಕಲಿಸಿದ್ದು ಪಕ್ಕದ ಮನೆಯ ನಿವೃತ್ತ ಹಿರಿಯರು. ಬೇಸ್‌ಬಾಲ್‌ನಲ್ಲಿ ಪ್ರೇಕ್ಷಕನೂ ಪೆನ್ಸಿಲ್ ಹಿಡಿದು ಕೂರಬಹುದು. ಕ್ಷೇತ್ರರಕ್ಷಕರಿಗೆ ಒಂದರಿಂದ ಒಂಬತ್ತರವರೆಗೆ ಸಂಖ್ಯೆಗಳಿವೆ: ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್ 2, ಹೀಗೆ ಬಲಗಡೆಯ ಹೊರಮೈದಾನದವನು 9. “6-4-3” ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರು ಎಂಬುದೆಲ್ಲ ಬಂತು. ಬ್ಯಾಟ್ ಬೀಸಿಯೂ ಚೆಂಡು ತಾಗದೆ ಔಟಾದರೆ ‘ಕೆ’ ಅಕ್ಷರ. ಬೀಸದೆ ನೋಡುತ್ತಾ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯಬೇಕು. ಊರಿಗೆ ಮರಳಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. 2024ರ ಋತು ನನ್ನ ಹತ್ತಿರ ಎರಡು ನೋಟ್‌ಬುಕ್‌ಗಳಲ್ಲಿದೆ.

ನಾನು ಅಲ್ಲಿದ್ದಾಗ ತಂಡ ಚೆನ್ನಾಗಿತ್ತು ಎಂಬುದನ್ನು ಹೇಳಲೇಬೇಕು. 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಆ ಆಗಸ್ಟ್‌ನಲ್ಲಿ ಅಯೋವದ ಜೋಳದ ಹೊಲದ ನಡುವೆ ಕಟ್ಟಿದ ಮೈದಾನದಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಟಿಮ್ ಆಂಡರ್ಸನ್ ಕೊನೆಯ ಇನಿಂಗ್ಸ್‌ನಲ್ಲಿ ಹೊಡೆದ ಚೆಂಡು ಜೋಳದ ತೆನೆಗಳೊಳಗೆ ಹೋಗಿ ಬಿದ್ದು, ತಂಡ 9-8ರಿಂದ ಗೆದ್ದಿತು. ಪಕ್ಕದ ಮನೆಯಿಂದ ಗೋಡೆ ಬಡಿದ ಸದ್ದು ಕೇಳಿತು, ನಾನೂ ಬಡಿದೆ. ಮೂರೇ ವರ್ಷದಲ್ಲಿ ಆ ತಂಡ 121 ಪಂದ್ಯ ಸೋಲುತ್ತದೆ ಎಂದು ಆ ರಾತ್ರಿ ಯಾರಾದರೂ ಹೇಳಿದ್ದರೆ ಗೋಡೆಯ ಎರಡೂ ಕಡೆಯವರು ನಂಬುತ್ತಿರಲಿಲ್ಲ.

ಸೋಲನ್ನು ಬಿತ್ತಿದ ವರ್ಷಗಳು

121 ಸೋಲುಗಳನ್ನು 2024ರ ಆಟಗಾರರ ತಲೆಗೆ ಕಟ್ಟುವುದು ಅನ್ಯಾಯ. ಅವರು ಆ ಬೆಳೆಯನ್ನು ಕೊಯ್ದವರು. ಬಿತ್ತಿದ್ದು ಕಚೇರಿಯಲ್ಲಿ, ಏಳೆಂಟು ವರ್ಷ ಮೊದಲು.

2016ರ ಡಿಸೆಂಬರ್‌ನಲ್ಲಿ ತಂಡ ತನ್ನ ಅತ್ಯುತ್ತಮ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟಿತು. ಮರುದಿನವೇ ಆಡಂ ಈಟನ್ ವಾಷಿಂಗ್ಟನ್‌ಗೆ ಹೋದರು. ಮುಂದಿನ ಬೇಸಿಗೆಯಲ್ಲಿ ಹೊಸೆ ಕಿಂಟಾನ ಅವರನ್ನು ಅದೇ ಊರಿನ ಎದುರಾಳಿ ಕಬ್ಸ್‌ಗೇ ಕೊಟ್ಟರು. ಬದಲಿಗೆ ಬಂದವರು ಎಳೆಯ ಹುಡುಗರು: ಯೋನ್ ಮೊಂಕಾಡ, ಮೈಕೆಲ್ ಕೋಪೆಕ್, ಲೂಕಸ್ ಜಿಯೊಲಿಟೊ, ಎಲೋಯ್ ಹಿಮೆನೆಸ್, ಡಿಲನ್ ಸೀಸ್. ಅಭಿಮಾನಿಗಳಿಗೆ ಹೇಳಿದ್ದು ಇಷ್ಟು: ಕೆಲವು ವರ್ಷ ಸೋಲನ್ನು ಸಹಿಸಿಕೊಳ್ಳಿ, ಈ ಹುಡುಗರು ಬಲಿತ ಮೇಲೆ ವರ್ಷವರ್ಷವೂ ಪ್ರಶಸ್ತಿಗೆ ಹೋರಾಡುವ ತಂಡ ಸಿಗುತ್ತದೆ. ಜನ ಸಹಿಸಿಕೊಂಡರು. 2018ರಲ್ಲಿ 100 ಪಂದ್ಯ ಸೋತಾಗಲೂ ಸಹಿಸಿಕೊಂಡರು.

ಫಸಲು ಬರುವ ಹೊತ್ತಿಗೆ ಕೈ ಬಿಗಿಯಾಯಿತು. 2019ರ ಆರಂಭದಲ್ಲಿ ಮ್ಯಾನಿ ಮಚಾಡೊ ಬರಬಹುದು ಎಂದು ಇಡೀ ಚಳಿಗಾಲ ಕಾದೆವು. ಅವರು 10 ವರ್ಷಕ್ಕೆ 30 ಕೋಟಿ ಡಾಲರ್ ಕೊಟ್ಟ ಸ್ಯಾನ್ ಡಿಯೆಗೊಗೆ ಹೋದರು. ನಾನು ಹೇಳುತ್ತಿರುವ ಋತುವಿನ ತನಕ ವೈಟ್ ಸಾಕ್ಸ್ ಹೊರಗಿನ ಆಟಗಾರನೊಬ್ಬನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಆಂಡ್ರ್ಯೂ ಬೆನಿಂಟೆಂಡಿ ಅವರದ್ದು, 5 ವರ್ಷಕ್ಕೆ 7.5 ಕೋಟಿ ಡಾಲರ್. ದೇಶದ ಮೂರನೇ ದೊಡ್ಡ ನಗರದ ತಂಡ ಇದು ಎಂಬುದನ್ನು ನೆನಪಿಟ್ಟುಕೊಂಡು ಆ ಮೊತ್ತವನ್ನು ನೋಡಬೇಕು.

ನನ್ನ ಪ್ರಕಾರ ನಿಜವಾದ ಬಿರುಕು ಬಿದ್ದದ್ದು 2020ರ ಅಕ್ಟೋಬರ್‌ನಲ್ಲಿ. ತಂಡವನ್ನು ಆ ವರ್ಷವಷ್ಟೇ ಪ್ಲೇ ಆಫ್‌ಗೆ ಕರೆದೊಯ್ದಿದ್ದ ರಿಕ್ ರೆಂಟೆರಿಯ ಅವರನ್ನು ಕಳಿಸಿ, 76 ವಯಸ್ಸಿನ ಟೋನಿ ಲಾ ರೂಸಾ ಅವರನ್ನು ಮೈದಾನದಲ್ಲಿ ತಂಡ ನಡೆಸುವ ವ್ಯವಸ್ಥಾಪಕರನ್ನಾಗಿ ಕರೆತಂದರು. ಲಾ ರೂಸಾ ದೊಡ್ಡ ಹೆಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಇದೇ ತಂಡ 1986ರಲ್ಲಿ ಕೆಲಸದಿಂದ ತೆಗೆದಿತ್ತು, ಮಾಲೀಕ ಜೆರ್ರಿ ರೀನ್ಸ್‌ಡಾರ್ಫ್ ಅದಕ್ಕಾಗಿ ದಶಕಗಳ ಕಾಲ ಮರುಗಿದ್ದರು. 1981ರಿಂದ ತಂಡ ಅವರ ಕೈಯಲ್ಲಿದೆ. ಒಬ್ಬ ಮಾಲೀಕ ತನ್ನ ಹಳೆಯ ತಪ್ಪನ್ನು ತಿದ್ದಿಕೊಳ್ಳಲು ಎಳೆಯ ತಂಡವೊಂದನ್ನು ಬಳಸಿಕೊಂಡದ್ದಾಗಿ ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. 2021ರಲ್ಲಿ 93 ಗೆಲುವು ಬಂದದ್ದರಿಂದ ಬಿರುಕು ಕಾಣಲಿಲ್ಲ. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 61 ಗೆಲುವು, 101 ಸೋಲು. ಆ ಆಗಸ್ಟ್‌ನಲ್ಲಿ ಆಡಳಿತ ನಡೆಸುತ್ತಿದ್ದ ಕೆನ್ನಿ ವಿಲಿಯಮ್ಸ್ ಮತ್ತು ರಿಕ್ ಹಾನ್ ಇಬ್ಬರನ್ನೂ ತೆಗೆದರು. ಹೊರಗಿನಿಂದ ಹೊಸ ಕಣ್ಣೊಂದು ಬರುತ್ತದೆ ಎಂದು ಕಾದವರಿಗೆ ಸಿಕ್ಕಿದ್ದು ಅದೇ ಸಂಸ್ಥೆಯ ಒಳಗಿನ ಕ್ರಿಸ್ ಗೆಟ್ಜ್. 2024ರ ಮಾರ್ಚ್‌ನಲ್ಲಿ, ತಂಡದ ಮೊದಲ ಪಂದ್ಯಕ್ಕೆ ಸುಮಾರು ಎರಡು ವಾರ ಇರುವಾಗ, ಡಿಲನ್ ಸೀಸ್ ಕೂಡ ಸ್ಯಾನ್ ಡಿಯೆಗೊಗೆ ಹೋದರು.

ಅಂದರೆ ಮೊದಲ ಎಸೆತ ಬೀಳುವ ಮೊದಲೇ ಅಭಿಮಾನಿಗೆ ಇದು ಕೆಟ್ಟ ವರ್ಷ ಎಂದು ಗೊತ್ತಿತ್ತು. ಎಷ್ಟು ಕೆಟ್ಟದ್ದು ಎಂಬುದೊಂದೇ ತಿಳಿಯಬೇಕಿತ್ತು.

ವಸಂತದಲ್ಲಿ

ಮಾರ್ಚ್ 28, ಡೆಟ್ರಾಯಿಟ್ ಟೈಗರ್ಸ್ ಎದುರು ಮೊದಲ ಪಂದ್ಯ. ಗ್ಯಾರೆಟ್ ಕ್ರೋಷೆ ಪಿಚರ್. ಅದಕ್ಕೂ ಮೊದಲು ಅವರು ಅಮೆರಿಕದ ಅಗ್ರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆರಂಭಿಸಿದವರಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯಾಗಿ 2022ರ ಪೂರಾ ಋತುವನ್ನು ಕಳೆದುಕೊಂಡಿದ್ದವರು. ಆರು ಇನಿಂಗ್ಸ್‌ನಲ್ಲಿ ಕೊಟ್ಟದ್ದು ಒಂದೇ ರನ್, ‘ಕೆ’ ಬರೆದದ್ದು ಎಂಟು ಸಲ. ತಂಡ 0-1ರಿಂದ ಸೋತಿತು. ನೋಟ್‌ಬುಕ್‌ನ ಆ ಮೊದಲ ಪುಟವನ್ನು ಈಗ ತೆಗೆದು ನೋಡಿದರೆ ಇಡೀ ವರ್ಷ ಅದರಲ್ಲೇ ಇದೆ: ಎಡಗಡೆ ಒಬ್ಬ ಹುಡುಗನ ಅದ್ಭುತ ಎಸೆಗಾರಿಕೆ, ಬಲಗಡೆ ನಮ್ಮ ಬ್ಯಾಟರ್‌ಗಳ ಖಾಲಿ ಚೌಕಗಳು.

ಮೊದಲ 25 ಪಂದ್ಯಗಳಲ್ಲಿ 3 ಗೆಲುವು, 22 ಸೋಲು. ಆಮೇಲೆ ಟ್ಯಾಂಪಾ ಬೇ ತಂಡವನ್ನು ಮೂರಕ್ಕೆ ಮೂರೂ ಸೋಲಿಸಿದಾಗ ಏಪ್ರಿಲ್ ಕೊನೆಗೆ ಒಂದಿಷ್ಟು ಉಸಿರು ಬಂತು. ಮೇ ತಿಂಗಳಲ್ಲಿ ಅದೂ ನಿಂತಿತು.

ಮೇ 22ರ ರಾತ್ರಿ ನಮ್ಮ ಮನೆಯಲ್ಲಿ ಎರಡು ಸೋಲು ಒಟ್ಟಿಗೆ ಬಂದವು. ಅಹಮದಾಬಾದಿನ ಎಲಿಮಿನೇಟರ್‌ನಲ್ಲಿ ಆರ್‌ಸಿಬಿ ರಾಜಸ್ಥಾನಕ್ಕೆ ಸೋತು ಹೊರಬಿತ್ತು. ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಅಲ್ಲಿಯವರೆಗೆ ಬಂದಿದ್ದ ತಂಡ ಅದು. ಅಪ್ಪ ಟಿವಿ ಆರಿಸಿ ಬಹಳ ಹೊತ್ತು ಕುಳಿತೇ ಇದ್ದರು. ಅದೇ ತಾರೀಖಿನಿಂದ ವೈಟ್ ಸಾಕ್ಸ್ ತಂಡದ ಸತತ 14 ಸೋಲುಗಳು ಶುರುವಾದವು. ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡ ಆಡುವುದೇ 14 ಪಂದ್ಯ. ನಮ್ಮ ಇಡೀ ಬೇಸಿಗೆಯ ನೋವಿನಷ್ಟನ್ನು ಶಿಕಾಗೊದವರು ಹದಿನಾರು ದಿನಗಳಲ್ಲಿ ಉಂಡರು ಎಂದು ಅಪ್ಪನಿಗೆ ಲೆಕ್ಕ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಾಗಾದರೆ ಅವರಿಗೆ ದುಃಖಪಡಲೂ ಪುರುಸೊತ್ತಿಲ್ಲ,” ಎಂದರು. ಬೇಸ್‌ಬಾಲ್ ಅಭಿಮಾನಿಯ ಪಾಡನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆರು ತಿಂಗಳಲ್ಲಿ 162 ಪಂದ್ಯ. ನಿನ್ನೆಯ ಸೋಲು ಒಣಗುವ ಮೊದಲೇ ಇಂದಿನ ಪಂದ್ಯ ಎದುರಿಗಿರುತ್ತದೆ.

ಮೇ 23ರ ಪುಟವನ್ನು ಮಾತ್ರ ನಾನು ಮರೆಯಲಾರೆ. ಎದುರಾಳಿ ಬಾಲ್ಟಿಮೋರ್. ಕೊನೆಯ ಇನಿಂಗ್ಸ್‌ಗೆ ಬಂದಾಗ ನಮ್ಮವರು ಆರು ರನ್ ಹಿಂದೆ. ಎಲ್ಲಿಂದಲೋ ನಾಲ್ಕು ರನ್ ಬಂದು 6-8 ಆಯಿತು. ನಮ್ಮ ಇಬ್ಬರು ಓಟಗಾರರು ಬೇಸ್‌ಗಳ ಮೇಲೆ, ಔಟಾದವರು ಒಬ್ಬರೇ. ಚೆಂಡು ಬೇಲಿ ದಾಟಿ ಒಂದು ಹೋಮ್ ರನ್ ಬಿದ್ದರೆ ಮೂವರದೂ ರನ್ ಸೇರಿ ಗೆಲುವು. ಬೆನಿಂಟೆಂಡಿ ಹೊಡೆದ ಚೆಂಡು ನೆಟ್ಟಗೆ ಮೇಲಕ್ಕೆ ಹೋಯಿತು, ಒಳಮೈದಾನದಲ್ಲೇ ಬೀಳುವ ಸುಲಭದ ಕ್ಯಾಚ್. ಇಂಥ ಹೊತ್ತಿಗೊಂದು ನಿಯಮವಿದೆ: ಕ್ಷೇತ್ರರಕ್ಷಕ ಬೇಕೆಂದೇ ಕ್ಯಾಚ್ ಬಿಟ್ಟು, ಓಡಲೂ ಆಗದೆ ನಿಲ್ಲಲೂ ಆಗದೆ ಸಿಕ್ಕಿಬಿದ್ದ ಇಬ್ಬರನ್ನು ಔಟ್ ಮಾಡಬಾರದೆಂದು, ಚೆಂಡು ಗಾಳಿಯಲ್ಲಿರುವಾಗಲೇ ಅಂಪೈರ್ ಬ್ಯಾಟರ್ ಔಟ್ ಎಂದು ಸಾರುತ್ತಾರೆ. ಸಾರಿದರು. ಅಷ್ಟರಲ್ಲಿ ಎರಡನೇ ಬೇಸ್‌ಗೆ ಹಿಂತಿರುಗುತ್ತಿದ್ದ ಆಂಡ್ರ್ಯೂ ವಾನ್, ಕ್ಯಾಚ್ ಹಿಡಿಯಲು ಬರುತ್ತಿದ್ದ ಗುನಾರ್ ಹೆಂಡರ್ಸನ್ ಅವರ ದಾರಿಯಲ್ಲಿ ಹಾದರು. ಅಡ್ಡಿಪಡಿಸಿದರೆಂದು ಅವರೂ ಔಟ್. ಹೆಂಡರ್ಸನ್ ಕ್ಯಾಚನ್ನೇನೋ ಹಿಡಿದರು, ಆದರೆ ಹಿಡಿಯುವ ಅಗತ್ಯವೂ ಇರಲಿಲ್ಲ. ಒಂದೇ ಚೆಂಡಿಗೆ ಇಬ್ಬರು ಔಟಾಗಿ, ಇನಿಂಗ್ಸ್‌ನ ಮೂರು ಔಟ್‌ಗಳೂ ತುಂಬಿ ಪಂದ್ಯ ಮುಗಿದಿತ್ತು.

ಅದನ್ನು ನೋಟ್‌ಬುಕ್‌ನಲ್ಲಿ ಹೇಗೆ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಕಲಿಸಿದವರು ಇಂಥದ್ದನ್ನು ಕಲಿಸಿರಲಿಲ್ಲ. ಪೆನ್ಸಿಲ್ ಹಿಡಿದು ಕುಳಿತಿದ್ದೆ, ಕಾಫಿ ಆರಿ ಮೇಲೆ ಕೆನೆ ಕಟ್ಟಿತ್ತು. ಕೊನೆಗೆ ಆ ಚೌಕದಲ್ಲಿ ಬರೀ ಒಂದು ಅಡ್ಡಗೆರೆ ಎಳೆದೆ. ಆ ಗೆರೆ ಇಂದಿಗೂ ಹಾಗೇ ಇದೆ.

ಇಪ್ಪತ್ತೊಂದು

ಜುಲೈ 10ರಿಂದ ಆಗಸ್ಟ್ 5ರವರೆಗೆ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಸತತ 21 ಸೋಲು. ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ನಲ್ಲಿ 1988ರ ಬಾಲ್ಟಿಮೋರ್ ತಂಡದ ದಾಖಲೆಗೆ ಸಮ.

ಈ ದಿನಗಳ ಬಗ್ಗೆ ಹೆಚ್ಚು ಬರೆಯಲು ಪುಟಗಳೇ ಬಿಡುವುದಿಲ್ಲ, ಒಂದರಂತೆ ಇನ್ನೊಂದು. ಆರಂಭದ ಪಿಚರ್ ಆರು ಇನಿಂಗ್ಸ್ ಹಿಡಿದಿಟ್ಟರೆ ಅನಂತರ ಬಂದವರು ಬಿಟ್ಟುಕೊಟ್ಟರು. ಅವರೂ ಹಿಡಿದಿಟ್ಟ ದಿನ ಬ್ಯಾಟರ್‌ಗಳು ರನ್ ತರಲಿಲ್ಲ. ಋತು ಮುಗಿದಾಗ ತಂಡ ಗಳಿಸಿದ್ದು 507 ರನ್, ಕೊಟ್ಟದ್ದು 813. ಬೇಸ್‌ಬಾಲ್‌ನಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲಿದೆ ಎಂದು ಒಪ್ಪುತ್ತೇನೆ, ಆದರೆ 306 ರನ್‌ಗಳ ಅಂತರದ ಮುಂದೆ ಅದೃಷ್ಟದ ಮಾತು ನಿಲ್ಲುವುದಿಲ್ಲ.

ಜುಲೈ 25ರಂದು, ಈ ಸೋಲುಗಳ ನಟ್ಟನಡುವೆ, ನಮ್ಮಿಂದ ಹೋದ ಡಿಲನ್ ಸೀಸ್ ಸ್ಯಾನ್ ಡಿಯೆಗೊ ಪರವಾಗಿ ವಾಷಿಂಗ್ಟನ್ ಎದುರು ಇಡೀ ಪಂದ್ಯದಲ್ಲಿ ಒಂದು ‘ಹಿಟ್’ ಅನ್ನೂ, ಅಂದರೆ ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದನ್ನು, ಕೊಡದೆ ಎಸೆದರು. ಪಿಚರ್ ಒಬ್ಬನ ಬಾಳಿನಲ್ಲಿ ಒಮ್ಮೆ ಬಂದರೆ ಹೆಚ್ಚು ಎನ್ನುವ ಸಾಧನೆ. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಮೂರು ವರ್ಷ ಅವರ ಎಸೆತಗಳನ್ನು ಬರೆದುಕೊಂಡ ಕೈ ಇದು. ಆದರೆ ಗಾಯದ ಮೇಲೆ ಬರೆ ಎಂದರೇನು ಎಂಬುದೂ ಅಂದೇ ಗೊತ್ತಾಯಿತು. ನಾಲ್ಕು ದಿನದ ಮೇಲೆ ಎರಿಕ್ ಫೆಡ್ಡಿ, ಟಾಮಿ ಫಾಮ್, ಮೈಕೆಲ್ ಕೋಪೆಕ್ ಮೂವರನ್ನೂ ಒಂದೇ ವ್ಯವಹಾರದಲ್ಲಿ ಬೇರೆ ತಂಡಗಳಿಗೆ ಕೊಟ್ಟರು. ಕೋಪೆಕ್ ಆ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಜೊತೆ ಲೀಗ್‌ನ ಅಂತಿಮ ಪ್ರಶಸ್ತಿಯಾದ ವಿಶ್ವ ಸರಣಿ ಗೆದ್ದರು. ಸೇಲ್ ಅವರನ್ನು ಕೊಟ್ಟು ತಂದ ಹುಡುಗ ಅವರು, ಬಲಿತ ಮೇಲೆ ಫಲ ಕೊಡುತ್ತಾರೆಂದು ನಮಗೆ ತೋರಿಸಿದ್ದವರು.

ಆಗಸ್ಟ್ 6ರಂದು ಓಕ್‌ಲೆಂಡ್‌ನಲ್ಲಿ 5-1ರಿಂದ ಗೆದ್ದರು. ಇಲ್ಲಿ ಆಗ 7ರ ಬೆಳಗು, ಕಚೇರಿಯ ಹೊತ್ತು. ಕೊನೆಯ ಇನಿಂಗ್ಸ್ ನಡೆಯುವಾಗ ನಾನು ಬಸ್‌ನಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್. ಜೊನಾಥನ್ ಕ್ಯಾನನ್ ಎಂಬ ಹೊಸ ಹುಡುಗ ಆರು ಇನಿಂಗ್ಸ್ ಎಸೆದು ಗೆಲುವಿಗೆ ತಳಹದಿ ಹಾಕಿದ್ದ. ಕೊನೆಯ ಔಟ್ ಬಿದ್ದಾಗ ಕಣ್ಣು ಮಂಜಾಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, “ಏನಾದರೂ ಕೆಟ್ಟ ಸುದ್ದಿಯೇ?” ಎಂದು ಮೆಲ್ಲಗೆ ಕೇಳಿದರು. “ಇಲ್ಲಮ್ಮ, ಒಳ್ಳೆಯದೇ,” ಎಂದೆ.

ಎರಡು ದಿನ ಬಿಟ್ಟು ವ್ಯವಸ್ಥಾಪಕ ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದರು. ಆಗ ತಂಡದ ಲೆಕ್ಕ 28 ಗೆಲುವು, 89 ಸೋಲು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಗ್ರಿಫೋಲ್ ಅವರ ಕೆಲಸ ನನಗೆ ಎಂದೂ ಮೆಚ್ಚುಗೆಯಾಗಿರಲಿಲ್ಲ, ಆದರೂ ಆ ದಿನ ಅವರ ಬಗ್ಗೆ ಮರುಕವೇ ಉಂಟಾಯಿತು. ಅವರಿಗೆ ಕೊಟ್ಟಿದ್ದ ಆಟಗಾರರನ್ನು ಇಟ್ಟುಕೊಂಡು ಯಾರಾದರೂ ಇನ್ನು ಹತ್ತು ಪಂದ್ಯ ಹೆಚ್ಚು ಗೆದ್ದಾರು, ಅಷ್ಟೆ.

ಅಭಿಮಾನಿಯ ಕೈಯಲ್ಲಿ ಏನಿದೆ

ಫುಟ್‌ಬಾಲ್‌ನಲ್ಲಿ ಇಂಗ್ಲೆಂಡಿನ ಯಾವುದೇ ತಂಡ ಹೀಗೆ ಸೋತರೆ ಕೆಳಗಿನ ಲೀಗ್‌ಗೆ ಇಳಿಯುತ್ತದೆ. ಆ ಭಯವೇ ಮಾಲೀಕನನ್ನು ಎಚ್ಚರವಾಗಿಡುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳ ಜಾಗ ಭದ್ರ. 121 ಸೋತರೂ ಮುಂದಿನ ವರ್ಷ ಅದೇ ಲೀಗ್, ಅದೇ ವೇಳಾಪಟ್ಟಿ, ಟಿವಿ ಪ್ರಸಾರದ ಹಣದಲ್ಲಿ ಪಾಲು. ಸೋಲಿಗೆ ದಂಡ ತೆರುವುದು ಅಭಿಮಾನಿ ಒಬ್ಬನೇ.

ಬದಲಿಗೆ ಅಲ್ಲಿರುವುದು ಒಂದು ಸಮಾಧಾನದ ಬಹುಮಾನ. ಹೆಚ್ಚು ಸೋತ ತಂಡಕ್ಕೆ ಮುಂದಿನ ವರ್ಷ ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವಾಗ ಮೊದಲ ಸಾಲಿನಲ್ಲಿ ಅವಕಾಶ. ಬೇಕೆಂದೇ ಸೋಲುವುದನ್ನು ತಡೆಯಲು ಆ ಮೊದಲ ಆರು ಸ್ಥಾನಗಳನ್ನು ಈಗ ಲಾಟರಿ ಎತ್ತಿ ಹಂಚುತ್ತಾರೆ. ಆದಾಯ ಹಂಚಿಕೆಯ ನಿಧಿಗೆ ಹಣ ತುಂಬುವ ದೊಡ್ಡ ನಗರಗಳ ತಂಡಗಳು ಒಂದು ವರ್ಷ ಲಾಟರಿಯಲ್ಲಿ ಸ್ಥಾನ ಪಡೆದರೆ ಮರುವರ್ಷ ಅವುಗಳಿಗೆ ಅದರಲ್ಲಿ ಪಾಲಿಲ್ಲ. ವೈಟ್ ಸಾಕ್ಸ್ ಹಿಂದಿನ ವರ್ಷದ ಸೋಲಿಗೆ 2024ರಲ್ಲಿ ಐದನೇ ಆಯ್ಕೆ ಪಡೆದಾಗಿತ್ತು. ಆದ್ದರಿಂದ ಚರಿತ್ರೆಯಲ್ಲೇ ಅತಿ ಹೆಚ್ಚು ಸೋತ ವರ್ಷದ ಬದಲಿಗೆ 2025ರಲ್ಲಿ ಅವರಿಗೆ ಸಿಗಬಹುದಾಗಿದ್ದ ಅತ್ಯುತ್ತಮ ಸ್ಥಾನ ಹತ್ತನೆಯದು. ಈ ನಿಯಮ ಋತುವಿನ ಮೊದಲೇ ಎಲ್ಲರಿಗೂ ಗೊತ್ತಿತ್ತು. “ಸೋತರೂ ನಾಳೆಗೆ ಒಳ್ಳೆಯದು” ಎಂದು ಹೇಳಿಕೊಳ್ಳುವ ದಾರಿಯೂ ಅಭಿಮಾನಿಗೆ ಮುಚ್ಚಿತ್ತು. ಇಷ್ಟನ್ನು ತಿಳಿದ ಮೇಲೂ ತಂಡವನ್ನು ಇಷ್ಟು ಬರಿದಾಗಿ ಮೈದಾನಕ್ಕಿಳಿಸಿದ್ದನ್ನು ನಾನು ಕ್ಷಮಿಸಲಾರೆ.

ಉಳಿದ ದಾರಿ ಎರಡು: ಬರದಿರುವುದು, ಬಂದು ಕೂಗುವುದು. ಜನ ಎರಡನ್ನೂ ಮಾಡಿದರು. ವಿಶ್ವ ಸರಣಿ ಗೆದ್ದ ಮರುವರ್ಷ, 2006ರಲ್ಲಿ, ಈ ಕ್ರೀಡಾಂಗಣಕ್ಕೆ 29 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. 2024ರಲ್ಲಿ ಸುಮಾರು 13.8 ಲಕ್ಷ. ಅದೇ ವರ್ಷದ ಆರಂಭದಲ್ಲಿ ಮಾಲೀಕರು ನಗರದ ಮಧ್ಯಭಾಗಕ್ಕೆ ಹತ್ತಿರ ಹೊಸ ಕ್ರೀಡಾಂಗಣ ಬೇಕು, ಅದಕ್ಕೆ ಸರ್ಕಾರದ ಹಣ ಬೇಕು ಎಂದು ಓಡಾಡುತ್ತಿದ್ದರು. ಬಂದ ಪ್ರೇಕ್ಷಕರು “ತಂಡವನ್ನು ಮಾರಿ” ಎಂದು ಕೂಗಿದರು. ಕೆಲವರು ಕಾಗದದ ಚೀಲಕ್ಕೆ ಕಣ್ಣಿನ ತೂತು ಕೊರೆದು ತಲೆಗೆ ಹಾಕಿಕೊಂಡು ಕುಳಿತರು. ಅವರನ್ನು ನೋಡಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಕೆಲಸ ಮುಗಿಸಿ, ದುಡ್ಡು ಕೊಟ್ಟು, ರೈಲು ಹತ್ತಿ ಬಂದು, ಮುಖ ಮುಚ್ಚಿಕೊಂಡಾದರೂ ತಮ್ಮ ತಂಡದ ಎದುರು ಕೂರುವವರು ಅವರು.

ದೂರದಲ್ಲಿದ್ದ ನನಗೆ ಕೂಗುವುದೂ ಸಾಧ್ಯವಿರಲಿಲ್ಲ. ನಾನು ಮಾಡಿದ್ದು ಒಂದೇ: ಐದು ದಿನಕ್ಕೊಮ್ಮೆ ಕಾಯುವುದು. ಆರಂಭದ ಪಿಚರ್‌ಗಳು ಸರದಿಯ ಮೇಲೆ ಎಸೆಯುತ್ತಾರೆ, ಸಾಮಾನ್ಯವಾಗಿ ಐದು ದಿನಕ್ಕೊಂದು ಸರದಿ. ಕ್ರೋಷೆ ಅವರ ಸರದಿಯ ಬೆಳಗಿನಲ್ಲಿ ನಾನು ಅಲಾರಾಂ ಇಲ್ಲದೆ ಏಳುತ್ತಿದ್ದೆ. ಆ ಋತುವಿನಲ್ಲಿ ಅವರು 146 ಇನಿಂಗ್ಸ್‌ನಲ್ಲಿ 209 ಬ್ಯಾಟರ್‌ಗಳನ್ನು ‘ಕೆ’ ಮಾಡಿದರು. ಲೀಗ್‌ನ ಆಯ್ದ ಆಟಗಾರರು ಆಡುವ ಜುಲೈನ ಆಲ್ ಸ್ಟಾರ್ ಪಂದ್ಯಕ್ಕೆ ಪ್ರತಿ ತಂಡದಿಂದ ಒಬ್ಬರನ್ನಾದರೂ ಕರೆಯಬೇಕೆಂಬ ನಿಯಮವಿದೆ. ಕ್ರೋಷೆಗೆ ಸಿಕ್ಕ ಕರೆ ಹಾಳೂರಿಗೆ ಉಳಿದವನೇ ಗೌಡ ಎಂಬಂಥದ್ದಲ್ಲ, ಯಾವ ತಂಡದಲ್ಲಿದ್ದರೂ ಅವರಿಗೆ ಅದು ಸಲ್ಲುತ್ತಿತ್ತು. ಆದರೆ ಅವರ ಹೆಸರಿನ ಮುಂದೆ ಬಿದ್ದ ಲೆಕ್ಕ 6 ಗೆಲುವು, 12 ಸೋಲು. ಶಸ್ತ್ರಚಿಕಿತ್ಸೆಯಾದ ತೋಳನ್ನು ಕಾಪಾಡಲು ಜುಲೈ ನಂತರ ಅವರನ್ನು ಮೂರು ನಾಲ್ಕು ಇನಿಂಗ್ಸ್‌ಗೇ ನಿಲ್ಲಿಸುತ್ತಿದ್ದರು. ಅದು ಸರಿಯಾದ ನಿರ್ಧಾರ. ಆದರೂ ಆರೂಕಾಲಿಗೆಲ್ಲ ಅವರ ಆಟ ಮುಗಿದು, ಉಳಿದ ಐದಾರು ಇನಿಂಗ್ಸ್ ಎದುರಿಗಿರುವಾಗ ಮನೆಯಲ್ಲಿ ದೀಪ ಆರಿಸಿದಂತಾಗುತ್ತಿತ್ತು.

ಸೆಪ್ಟೆಂಬರ್

ಹಳೆಯ ದಾಖಲೆ 1962ರ ನ್ಯೂಯಾರ್ಕ್ ಮೆಟ್ಸ್ ತಂಡದ್ದು, 40 ಗೆಲುವು, 120 ಸೋಲು. ಇವೆರಡನ್ನು ಅಕ್ಕಪಕ್ಕ ಇಟ್ಟು ಮಾತನಾಡಿದವರು ಬಹಳ. ನನಗೆ ಆ ಹೋಲಿಕೆ ಅರ್ಧದಷ್ಟೇ ಒಪ್ಪಿಗೆ. ಮೆಟ್ಸ್ ಆ ವರ್ಷ ಹುಟ್ಟಿದ ತಂಡ, ಬೇರೆಯವರು ಬೇಡವೆಂದವರನ್ನು ಕೂಡಿಸಿ ಕಟ್ಟಿದ್ದು. ತಮ್ಮ ಊರಿನ ಎರಡು ಹಳೆಯ ತಂಡಗಳು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಮತ್ತೆ ಒಂದು ತಂಡ ಸಿಕ್ಕಿತೆಂದು ನ್ಯೂಯಾರ್ಕಿನ ಜನ ಅದನ್ನು ಹಸುಗೂಸಿನಂತೆ ಎತ್ತಿಕೊಂಡರು. ಎಂಟನೇ ಋತುವಿನಲ್ಲಿ, 1969ರಲ್ಲಿ, ಅದು ವಿಶ್ವ ಸರಣಿಯನ್ನೇ ಗೆದ್ದಿತು. ವೈಟ್ ಸಾಕ್ಸ್ ಹಸುಗೂಸಲ್ಲ. 1901ರಿಂದ ಇರುವ ತಂಡ, 2005ರಲ್ಲಿ 88 ವರ್ಷಗಳ ಬಳಿಕ ವಿಶ್ವ ಸರಣಿ ಗೆದ್ದ ತಂಡ, ಮೂರು ವರ್ಷದ ಹಿಂದೆ 93 ಗೆದ್ದ ತಂಡ. ಮೆಟ್ಸ್ ಅಭಿಮಾನಿಗಳಿಗೆ ಸೋಲು ಬಾಲ್ಯವಾಗಿತ್ತು. ನಮಗೆ ಅದು ಕೊಟ್ಟ ಮಾತು ಮುರಿದದ್ದು.

ಸೆಪ್ಟೆಂಬರ್ 22ರಂದು ಸ್ಯಾನ್ ಡಿಯೆಗೊದಲ್ಲಿ 120ನೇ ಸೋಲು. ಆಮೇಲೆ ತವರಿನಲ್ಲಿ ಏಂಜೆಲ್ಸ್ ಎದುರು ಮೂರು ಪಂದ್ಯ. 24ರ ಸಂಜೆ, ಎಂಟನೇ ಇನಿಂಗ್ಸ್‌ನವರೆಗೆ ನಮ್ಮವರು 0-2ರಿಂದ ಹಿಂದಿದ್ದರು. ದಾಖಲೆಯ ಕ್ಷಣವನ್ನು ಕಣ್ಣಾರೆ ನೋಡಲೆಂದೇ ಬಂದವರು ಅಂದು ಅಲ್ಲಿ ಕಡಿಮೆಯೇನೂ ಇರಲಿಲ್ಲ. ಎಂಟನೆಯದರಲ್ಲಿ ಮೂರು ರನ್ ಬಂದವು. ಮುನ್ನಡೆ ಸಿಕ್ಕಾಗ ಚಪ್ಪಾಳೆಯ ಜೊತೆಗೆ ಬೇಸರದ ಕೂಗೂ ಕೇಳಿತು. ಸ್ವಂತ ತಂಡ ಗೆದ್ದದ್ದಕ್ಕೆ ಸ್ವಂತ ಜನ ಬೇಸರ ಪಡುವುದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಮೊಬೈಲಿನ ಸದ್ದು ಆರಿಸಿ ಅಂಗಳಕ್ಕೆ ಹೋಗಿ ನಿಂತೆ. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಎಲ್ಲವೂ ಇಷ್ಟು ಕೆಟ್ಟ ಮೇಲೆ ಚರಿತ್ರೆಯ ಪುಟದಲ್ಲಾದರೂ ಇದು ದಾಖಲಾಗಲಿ, ಮಾಲೀಕರ ಹೆಸರಿನ ಪಕ್ಕದಲ್ಲಿ ಇದು ಉಳಿಯಲಿ ಎಂಬ ಸಿಟ್ಟು ಅದು.

ಏಂಜೆಲ್ಸ್ ಎದುರು ಮೂರೂ ಪಂದ್ಯ ಗೆದ್ದರು. ತವರಿನಲ್ಲಿ ಆ ದಾಖಲೆ ಬೀಳಲಿಲ್ಲ.

27ರ ಶುಕ್ರವಾರ ಡೆಟ್ರಾಯಿಟ್‌ನಲ್ಲಿ ಬಿತ್ತು, 1-4. ಇಲ್ಲಿ ಶನಿವಾರದ ಬೆಳಗು, ಪಂದ್ಯ ಶುರುವಾದಾಗ ನಾಲ್ಕು ದಾಟಿತ್ತು. ಅದೇ ಗೆಲುವಿನಿಂದ ಟೈಗರ್ಸ್ 2014ರ ನಂತರ ಮೊದಲ ಸಲ ಪ್ಲೇ ಆಫ್ ತಲುಪಿತು. ಆದ್ದರಿಂದ ಪಂದ್ಯ ಮುಗಿದಾಗ ಇಡೀ ಕ್ರೀಡಾಂಗಣ ಕುಣಿಯುತ್ತಿತ್ತು, ಪಟಾಕಿ ಸಿಡಿಯುತ್ತಿತ್ತು. 2003ರಲ್ಲಿ ಇದೇ ಟೈಗರ್ಸ್ 119 ಪಂದ್ಯ ಸೋತಿತ್ತು. ಕೊನೆಯ ಆರರಲ್ಲಿ ಐದು ಗೆದ್ದು ಮೆಟ್ಸ್ ದಾಖಲೆಯಿಂದ ಪಾರಾಗಿತ್ತು. ಕುಣಿಯುತ್ತಿದ್ದವರಲ್ಲಿ ಆ ವರ್ಷವನ್ನು ಪೂರ್ತಿ ನೋಡಿದವರೂ ಇದ್ದಿರಬೇಕು. ನಮ್ಮ ಹುಡುಗರು ತಲೆ ತಗ್ಗಿಸಿ ಒಳಗೆ ಹೋಗುವುದು ಒಂದು ಕ್ಷಣ ಕಂಡಿತು, ಮತ್ತೆ ಕ್ಯಾಮೆರಾ ಸಂಭ್ರಮದ ಕಡೆ ತಿರುಗಿತು.

ಅಪ್ಪ ಎದ್ದು ಬಂದು ಪಕ್ಕದಲ್ಲಿ ಕುಳಿತರು. ಆ ವೇಳೆಗೆ ಅವರಿಗೂ 121 ಎಂಬ ಸಂಖ್ಯೆ ಏನೆಂದು ಗೊತ್ತಿತ್ತು. ಮೈಸೂರು ತಂಡ ರಣಜಿಯಲ್ಲಿ ಮುಂಬಯಿ ಎದುರು ವರ್ಷಗಟ್ಟಲೆ ಸೋತದ್ದನ್ನು ರೇಡಿಯೊದಲ್ಲಿ ಕೇಳಿ ಬೆಳೆದವರು ಅವರು. 1974ರಲ್ಲಿ ಕರ್ನಾಟಕ ಮುಂಬಯಿಯ 15 ವರ್ಷಗಳ ಆಳ್ವಿಕೆಯನ್ನು ಮುರಿದು ರಣಜಿ ಟ್ರೋಫಿ ಗೆದ್ದಾಗ ಬೀದಿಯಲ್ಲಿ ಸಕ್ಕರೆ ಹಂಚಿದವರು. ಅದನ್ನೇನೂ ಆಗ ಹೇಳಲಿಲ್ಲ. ನನ್ನ ನೋಟ್‌ಬುಕ್ ತೆಗೆದುಕೊಂಡು ಹಾಳೆ ತಿರುವುತ್ತಾ, “ಇನ್ನೆಷ್ಟು ಪಂದ್ಯ ಉಳಿದಿದೆ?” ಎಂದು ಕೇಳಿದರು.

“ಎರಡು.”

“ಬರೆಯುತ್ತೀಯಾ?”

ಬರೆದೆ. ಎರಡನ್ನೂ ಗೆದ್ದರು, 4-0 ಮತ್ತು 9-5.

ಆಮೇಲೆ

ಡಿಸೆಂಬರ್‌ನಲ್ಲಿ ಕ್ರೋಷೆ ಅವರನ್ನು ಬಾಸ್ಟನ್‌ಗೆ ಕೊಟ್ಟರು. ಎಂಟು ವರ್ಷದ ಹಿಂದೆ ಸೇಲ್ ಹೋದದ್ದೂ ಅದೇ ತಂಡಕ್ಕೆ, ಅದೇ ತಿಂಗಳಲ್ಲಿ, ಅದೇ ಕಾರಣ ಹೇಳಿ. ಹೊಸ ವ್ಯವಸ್ಥಾಪಕರಾಗಿ ವಿಲ್ ವೆನಬಲ್ ಬಂದರು. 2025ರಲ್ಲಿ 60 ಗೆಲುವು, 102 ಸೋಲು; ಕೆಟ್ಟದ್ದೇ, ಆದರೆ ಮೇಲ್ಮುಖ. ಆ ಜೂನ್‌ನಲ್ಲಿ, ಮುಂದೆ ಜಸ್ಟಿನ್ ಇಷ್ಬಿಯ ಎಂಬುವವರಿಗೆ ತಂಡದ ಹಿಡಿತವನ್ನು ವರ್ಗಾಯಿಸಲು ದಾರಿ ಮಾಡುವ ಒಪ್ಪಂದ ಪ್ರಕಟವಾಯಿತು. 2029ಕ್ಕಿಂತ ಮೊದಲು ಅದು ಆಗುವುದಿಲ್ಲ. ತಂಡವನ್ನು ಮಾರಿ ಎಂದು ಕೂಗಿದವರಿಗೆ ಸಿಕ್ಕ ಉತ್ತರದಲ್ಲೂ ಇನ್ನಷ್ಟು ವರ್ಷ ಕಾಯಿರಿ ಎಂಬುದೇ ಇದೆ.

2025ರ ಮೊದಲ ಪಂದ್ಯ ಮಾರ್ಚ್ 27ರ ಮಧ್ಯಾಹ್ನ, ನಮ್ಮಲ್ಲಿ ನಡುರಾತ್ರಿ ಕಳೆದು ಒಂದೂಮುಕ್ಕಾಲು. ಹೊಸ ನೋಟ್‌ಬುಕ್ ತಂದಿಟ್ಟಿದ್ದೆ. ಶಾನ್ ಬರ್ಕ್ ಆರು ಇನಿಂಗ್ಸ್‌ನಲ್ಲಿ ಒಂದು ರನ್ನನ್ನೂ ಕೊಡಲಿಲ್ಲ, ತಂಡ ಏಂಜೆಲ್ಸ್ ಎದುರು 8-1ರಿಂದ ಗೆದ್ದಿತು. ಮಲಗಲು ಹೋಗುವ ಮೊದಲು ಪುಟದ ಮೂಲೆಯಲ್ಲಿ 1-0 ಎಂದು ಬರೆದು, ಪುಸ್ತಕವನ್ನು ಅಪ್ಪ ಬೆಳಿಗ್ಗೆ ಕಾಫಿ ಕುಡಿಯುವ ಮೇಜಿನ ಮೇಲೆ ತೆರೆದಿಟ್ಟೆ.